ದುಡ್ಡು ಬರುವ ಮುಂಚೆ ಪಟ್ಟಿ ಬರೆದಿಡು

ಫುಟ್‌ಪಾತ್‌ಗೆ ದುಡ್ಡಿಲ್ಲ ಎಂದು ಆಫೀಸಿನಲ್ಲಿ ಯಾರಾದರೂ ನಿನಗೆ ಈಗಾಗಲೇ ಹೇಳಿರುತ್ತಾರೆ. ನಂಬಬೇಡ ಕಂದ. ನಗರಸಭೆಯ ಲೆಕ್ಕಪತ್ರ ಶಾಖೆಯಲ್ಲಿ ಕೂತು ತಲೆ ನರೆಸಿಕೊಂಡ ಸೋದರತ್ತೆ ಹೇಳುವ ಮಾತಿದು. ದುಡ್ಡು ಬರುತ್ತದೆ. ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಾಗಿಲಿನಿಂದ, ಹೆಚ್ಚಾಗಿ ಫೆಬ್ರುವರಿ ಮಾರ್ಚಿನಲ್ಲಿ, ಯಾರಿಗೂ ಉಸಿರು ಬಿಡಲು ಪುರುಸೊತ್ತಿಲ್ಲದ ಹೊತ್ತಿನಲ್ಲೇ ಬರುತ್ತದೆ. ಆಗ ಯಾರ ಮೇಜಿನ ಮೇಲೆ ಸಿದ್ಧವಾದ ಪಟ್ಟಿ ಇರುತ್ತದೋ ಅದು ಅತ್ತ ಹರಿಯುತ್ತದೆ. ಕಂಟ್ರಾಕ್ಟರ ಮೇಜಿನ ಮೇಲೆ ಪಟ್ಟಿ ಯಾವಾಗಲೂ ಸಿದ್ಧವಿರುತ್ತದೆ. ಶಾಸಕರ ಆಪ್ತ ಸಹಾಯಕನ ಕೈಯಲ್ಲೂ ಇರುತ್ತದೆ. ನಿನ್ನಂಥ ಸಹಾಯಕ ಎಂಜಿನಿಯರ್ ಹತ್ತಿರ ಮಾತ್ರ ಇರುವುದಿಲ್ಲ. ಅವನು ಆಮೇಲೆ ಅವರ ಪಟ್ಟಿಗೆ ಅಂದಾಜು ಬರೆದುಕೊಡುತ್ತಾನೆ.

ನಿನಗೆ ಹೇಳಬೇಕೆಂದಿರುವುದು ಇಷ್ಟೇ: ಯಾವ ರಸ್ತೆ ಮೊದಲು, ಯಾಕೆ ಮೊದಲು ಅನ್ನುವುದನ್ನು ದುಡ್ಡು ಬರುವ ಮುಂಚೆ ಬರೆದಿಡು. ಉಳಿದದ್ದೆಲ್ಲ ಇದರ ವಿವರ. ವಿವರ ಸ್ವಲ್ಪ ಉದ್ದವಿದೆ, ಭಾನುವಾರ ಕಾಫಿ ಕುಡಿಯುತ್ತಾ ಓದು.

ಮೊದಲು ಫುಟ್‌ಪಾತ್ ಅನ್ನುವುದು ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿದೆ ಎಂದು ಹುಡುಕು. ಬೆಂಗಳೂರಿನ ಬಹುಪಾಲು ಬಡಾವಣೆಗಳಲ್ಲಿ ನಾವು ಫುಟ್‌ಪಾತ್ ಎಂದು ಕರೆಯುವುದು ಮಳೆನೀರು ಚರಂಡಿಯ ಮೇಲೆ ಹೊದಿಸಿದ ಚಪ್ಪಡಿಯನ್ನು. ಚರಂಡಿ ಕಾಮಗಾರಿ ಆದಾಗ ಚಪ್ಪಡಿ ಬಂತು, ಹೂಳೆತ್ತಲು ಚಪ್ಪಡಿ ತೆಗೆದರು, ವಾಪಸ್ ಹಾಕುವಾಗ ಎರಡು ಒಡೆದವು, ಒಡೆದ ಜಾಗದಲ್ಲಿ ಯಾರೋ ಬಾಳೆಗಿಡ ನೆಟ್ಟು ಎಚ್ಚರಿಕೆ ಕೊಟ್ಟರು. ಹೀಗಾಗಿ ಅದರ ಅಗಲ ಎಷ್ಟೆಂದರೆ ಚರಂಡಿಯ ಅಗಲ ಎಷ್ಟೋ ಅಷ್ಟು. ನಡೆಯುವವರ ಸಂಖ್ಯೆಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ನೀನು ಐಆರ್‌ಸಿ 103 ಎಂದು ಕಾಲೇಜಿನಲ್ಲಿ ಹೆಸರು ಕೇಳಿರುವೆ, ಅದರ 2012ರ ಆವೃತ್ತಿ ಮನೆಗಳಿರುವ ಬೀದಿಯಲ್ಲೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕು ಅನ್ನುತ್ತದೆ, ಅಂಗಡಿ ಬೀದಿಯಲ್ಲಿ ಅದಕ್ಕಿಂತ ಹೆಚ್ಚು. ಕರ್ಬ್ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಅನ್ನುತ್ತದೆ. ಟೇಪು ಹಿಡಿದು ನಿನ್ನ ವಾರ್ಡಿನಲ್ಲಿ ಒಮ್ಮೆ ಅಳೆದು ನೋಡು. ಮಂಡಿನೋವಿನ ಹೆಂಗಸರು ಫುಟ್‌ಪಾತ್ ಬಿಟ್ಟು ರಸ್ತೆಯಲ್ಲಿ ಯಾಕೆ ನಡೆಯುತ್ತಾರೆ ಎಂದು ಆ ಕಲ್ಲಿನ ಎತ್ತರವೇ ಹೇಳುತ್ತದೆ. ನಮಗೆ ಶಿಸ್ತಿಲ್ಲ ಎಂದು ಬೈಯುವವರು ಆ ಕಲ್ಲು ಹತ್ತಿ ಇಳಿದವರಲ್ಲ.

ಡಾಂಬರಿಗೆ ಆಯವ್ಯಯದಲ್ಲಿ ತನ್ನದೇ ಲೆಕ್ಕಶೀರ್ಷಿಕೆ ಇರುತ್ತದೆ. ಚರಂಡಿಗೆ ಇರುತ್ತದೆ, ಬೀದಿದೀಪಕ್ಕೆ ಇರುತ್ತದೆ. ಫುಟ್‌ಪಾತ್ ಬಹಳ ಕಡೆ ‘ರಸ್ತೆ ಅಭಿವೃದ್ಧಿ’ ಅನ್ನುವ ಸಾಲಿನ ಬಾಲದಲ್ಲಿ ಜೋತಾಡುತ್ತದೆ. ಅಂದಾಜು ಪಟ್ಟಿಯ ಕೊನೆಯ ಬಾಬ್ತು ಅದು. ಮೊತ್ತ ಮಂಜೂರಾತಿಯ ಮಿತಿ ದಾಟಿದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಾನು ಕಂಡ ಎಷ್ಟೋ ಬಿಲ್ಲುಗಳಲ್ಲಿ ಡಾಂಬರು ಪೂರ್ತಿ ಇರುತ್ತಿತ್ತು, ಕರ್ಬ್ ಮತ್ತು ಟೈಲ್ಸ್ ‘ಮುಂದಿನ ಹಂತದಲ್ಲಿ’ ಎಂದಿರುತ್ತಿತ್ತು. ಮುಂದಿನ ಹಂತದ ಕಡತ ಯಾವತ್ತೂ ನನ್ನ ಮೇಜಿಗೆ ಬರಲಿಲ್ಲ.

ಈಗ ದುಡ್ಡಿನ ಬಾಗಿಲುಗಳ ವಿಷಯ. ಆಸ್ತಿ ತೆರಿಗೆ ಮೊದಲನೆಯದು. 2024-25ರಲ್ಲಿ ಬಿಬಿಎಂಪಿ ವಸೂಲು ಮಾಡಿದ್ದು ₹4,900 ಕೋಟಿ ದಾಟಿತ್ತು. ಅದೇ ಪಾಲಿಕೆಯ 2025-26ರ ಆಯವ್ಯಯ ₹19,927 ಕೋಟಿ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ರಾಜ್ಯ, ಕೇಂದ್ರಗಳ ಅನುದಾನದ ಲೆಕ್ಕ. ಅನುದಾನ ಅಂದ ಮೇಲೆ ಅದಕ್ಕೆ ಒಂದು ಹೆಸರು, ಹೆಸರಿಗೆ ತಕ್ಕ ಷರತ್ತು. ಚಾಣಾಕ್ಷ ಎಂಜಿನಿಯರ್ ಆ ಷರತ್ತುಗಳ ಒಳಗೇ ನಡೆಯುವವರಿಗೆ ಜಾಗ ಹುಡುಕುತ್ತಾನೆ. 15ನೇ ಹಣಕಾಸು ಆಯೋಗ ಹತ್ತು ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ ಗಾಳಿಯ ಗುಣಮಟ್ಟಕ್ಕೆಂದು ಹಣ ಇಟ್ಟಿತು. ರಸ್ತೆಯ ಅಂಚಿನ ಬರಿ ಮಣ್ಣು ಧೂಳಾಗಿ ಏಳದಂತೆ ಗೋಡೆಯಿಂದ ಗೋಡೆಯವರೆಗೆ ಹಾಸುಗಲ್ಲು ಹಾಕುವುದು ಧೂಳು ತಡೆಯುವ ಕೆಲಸವೇ ತಾನೇ? ಅದನ್ನೇ 1.8 ಮೀಟರ್ ಅಗಲಕ್ಕೆ, ಸರಿಯಾದ ಎತ್ತರಕ್ಕೆ ಹಾಕಿದರೆ ಫುಟ್‌ಪಾತ್ ಆಯಿತು. ಶಾಲೆ ಸುತ್ತಲಿನ ಕೆಲಸಕ್ಕೆ ಒಂದು ಬಾಗಿಲು, ಮೆಟ್ರೋ ನಿಲ್ದಾಣದ ಸುತ್ತ ಇನ್ನೊಂದು, ಸ್ಮಾರ್ಟ್ ಸಿಟಿ ಇದ್ದಾಗ ಅದೊಂದು. ಬಾಗಿಲು ತೆರೆದಿರುವುದು ಸ್ವಲ್ಪ ಹೊತ್ತು. ಅಷ್ಟರಲ್ಲಿ ಒಳಗೆ ಹೋಗಬೇಕಾದ ಕಾಗದ ಸಿದ್ಧವಿರಬೇಕು.

ದುಡ್ಡಿನ ಮೂಲವೇ ಜಾಗವನ್ನೂ ಆರಿಸಿಬಿಡುವ ಅಪಾಯ ಒಂದಿದೆ, ಅದನ್ನು ಗಮನದಲ್ಲಿಟ್ಟುಕೋ. ಬೆಂಗಳೂರಿನ ಸ್ಕೈವಾಕ್‌ಗಳನ್ನು ನೋಡು. ಅನೇಕವನ್ನು ಖಾಸಗಿಯವರು ಜಾಹೀರಾತು ಹಕ್ಕಿನ ಬದಲಿಗೆ ಕಟ್ಟಿಕೊಟ್ಟರು. ಪಾಲಿಕೆಗೆ ಖರ್ಚಿಲ್ಲ, ಕಟ್ಟಿದವರಿಗೆ ಲಾಭ, ಕೇಳಲು ಚೆನ್ನಾಗಿದೆ. ಆದರೆ ಜಾಹೀರಾತಿನವನಿಗೆ ಬೇಕಾದದ್ದು ಸಿಗ್ನಲ್ಲಿನಲ್ಲಿ ನಿಂತ ಕಾರಿನ ಕಣ್ಣು. ಅವನಿಗೆ ಲಾಭ ತರುವ ಜಾಗ, ಅಜ್ಜಿ ದಾಟಬೇಕಾದ ಜಾಗ ಎರಡೂ ಒಂದೇ ಆದರೆ ಅದು ಅಜ್ಜಿಯ ಪುಣ್ಯ. ಲಿಫ್ಟ್ ಕೆಟ್ಟು ನಿಂತರೆ ಜಾಹೀರಾತಿನ ವರಮಾನ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ, ಹಾಗಾಗಿ ರಿಪೇರಿಯ ಅವಸರ ಯಾರಿಗೂ ಇರುವುದಿಲ್ಲ. ನನ್ನನ್ನು ಕೇಳಿದರೆ, ನೆಲದ ಮೇಲೆ ಸಿಗ್ನಲ್ ಸಹಿತ ದಾಟುಪಟ್ಟೆ ಸಾಧ್ಯವಿರುವ ಕಡೆ ಸ್ಕೈವಾಕ್ ಕಟ್ಟುವುದು ನಡೆಯುವವನಿಗೆ ಕೊಡುವ ಶಿಕ್ಷೆ. ಕಾರು ನೇರ ಹೋಗಲೆಂದು ಮನುಷ್ಯನನ್ನು ಎರಡು ಮಹಡಿ ಹತ್ತಿಸಿ ಇಳಿಸುವ ಏರ್ಪಾಡು ಅದು.

ಒಳ್ಳೆಯದನ್ನೂ ಕಂಡಿದ್ದೇನೆ, ಅದನ್ನೂ ಹೇಳಬೇಕು. ಟೆಂಡರ್‌ಶ್ಯೂರ್ ರಸ್ತೆಗಳು ಬಂದಾಗ ಊರೆಲ್ಲ ಬೈದಿತ್ತು. ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಡಾಂಬರು ಕಿರಿದಾಯಿತು, ಫುಟ್‌ಪಾತ್ ಅಗಲವಾಯಿತು, ಕಿಲೋಮೀಟರಿಗೆ ಹತ್ತು ಕೋಟಿಗೂ ಮೇಲೆ ಖರ್ಚಾಯಿತು. ಇಷ್ಟು ದುಡ್ಡಾ ಎಂದು ನಾನೂ ಹುಬ್ಬೇರಿಸಿದವಳೇ. ಆಮೇಲೆ ಬಾಬ್ತು ಬಾಬ್ತಾಗಿ ನೋಡಿದರೆ ಆ ಖರ್ಚಿನ ದೊಡ್ಡ ಭಾಗ ಮೇಲಿನ ಕಲ್ಲಿನದಲ್ಲ, ಕೆಳಗಿನದು: ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ, ಫೈಬರ್ ಕೇಬಲ್ ಎಲ್ಲಕ್ಕೂ ಫುಟ್‌ಪಾತ್ ಕೆಳಗೆ ಪ್ರತ್ಯೇಕ ನಾಳ. ಮುಂದೆ ಯಾರೂ ಅಗೆಯಬಾರದು ಅನ್ನುವುದು ಉದ್ದೇಶ. ಈಗ ಆ ರಸ್ತೆಗಳಲ್ಲಿ ನಡೆದರೆ ಬೈದವರ ಮಕ್ಕಳೇ ಹಾಯಾಗಿ ಮಾತಾಡಿಕೊಂಡು ಹೋಗುತ್ತಿರುತ್ತಾರೆ. 2018ರಲ್ಲಿ ಹೊಸದಾದ ಚರ್ಚ್ ಸ್ಟ್ರೀಟ್ ಕೂಡ ಹಾಗೆಯೇ.

ನನ್ನ ತಕರಾರು ಬೇರೆ. ಈ ಚಂದದ ರಸ್ತೆಗಳೆಲ್ಲ ಊರಿನ ನಡುಮಧ್ಯದಲ್ಲಿವೆ. ಅಲ್ಲಿ ನಡೆಯುವವರಲ್ಲಿ ಅನೇಕರಿಗೆ ಕಾರು ಇದೆ, ಆ ಹೊತ್ತಿಗೆ ಅದನ್ನು ಎಲ್ಲೋ ನಿಲ್ಲಿಸಿ ಬಂದಿರುತ್ತಾರೆ. ಪೀಣ್ಯದ ಕಾರ್ಖಾನೆಗೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ನಸುಕಿನಲ್ಲಿ ಗುಂಪುಗುಂಪಾಗಿ ನಡೆದು ಹೋಗುವ ಹೆಂಗಸರಿಗೆ ಅಂಥ ಕಲ್ಲು ಹಾಸಿಲ್ಲ. ಬೆಂಗಳೂರಿನಲ್ಲಿ ರಸ್ತೆ ಸುಮಾರು 14,000 ಕಿಲೋಮೀಟರ್ ಇದೆ, ಅದರಲ್ಲಿ ಮುಖ್ಯ ಮತ್ತು ಉಪಮುಖ್ಯ ರಸ್ತೆ ಸುಮಾರು 1,300 ಕಿಲೋಮೀಟರ್. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ 16 ಕಿಲೋಮೀಟರ್ ಚಿಲ್ಲರೆಯ ಸುರಂಗ ರಸ್ತೆಗೆ ಹಾಕಿದ ಅಂದಾಜು ಸುಮಾರು ₹17,700 ಕೋಟಿ. ಸುರಂಗ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಕೂಡುವುದು ಭಾಗಿಸುವುದು ಹಳೆಯ ಚಟ, ಅಷ್ಟೇ. ಕಿಲೋಮೀಟರಿಗೆ ಹತ್ತು ಕೋಟಿಯಂತೆ ಭಾಗಿಸಿದರೆ 1,770 ಕಿಲೋಮೀಟರ್ ಬರುತ್ತದೆ. ಇವತ್ತಿನ ದರಕ್ಕೆ ಅದನ್ನು ಇನ್ನಷ್ಟು ಇಳಿಸಿಕೋ, ಆದರೂ ‘ದುಡ್ಡಿಲ್ಲ’ ಅನ್ನುವ ಮಾತಿನ ಗಾಳಿ ಹೋಗುತ್ತದೆ.

ಪಕ್ಕದ ಚೆನ್ನೈ ಒಂದು ಬುದ್ಧಿವಂತಿಕೆ ಮಾಡಿತು. 2014ರಲ್ಲಿ ಅಲ್ಲಿನ ಕಾರ್ಪೊರೇಷನ್ ಮೋಟಾರುರಹಿತ ಸಾರಿಗೆಗೆಂದು ಒಂದು ನೀತಿ ಒಪ್ಪಿಕೊಂಡಿತು. ಅದರಲ್ಲಿ ಸಾರಿಗೆ ಬಾಬ್ತಿನ ಹಣದಲ್ಲಿ ಕನಿಷ್ಠ ಶೇ 60 ನಡೆಯುವವರಿಗೆ, ಸೈಕಲ್ಲಿನವರಿಗೆ ಎಂದು ಬರೆದರು. ಬರೆದಿದ್ದೆಲ್ಲ ನಡೆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಬರೆದಿದ್ದರಿಂದ ಪ್ರತಿ ವರ್ಷ ಯಾರಾದರೂ ಎದ್ದು ನಿಂತು ‘ಶೇ 60 ಎಲ್ಲಿ?’ ಎಂದು ಕೇಳಲು ದಾರಿಯಾಯಿತು. ನೂರು ಕಿಲೋಮೀಟರಿಗೂ ಹೆಚ್ಚು ಫುಟ್‌ಪಾತ್ ಅಲ್ಲಿ ಹೊಸದಾಯಿತು, 2019ರಲ್ಲಿ ಪಾಂಡಿ ಬಜಾರಿನ ಪಾದಚಾರಿ ಬೀದಿ ತೆರೆಯಿತು. ಪುಣೆಯಲ್ಲಿ 2006ರಿಂದಲೇ ಜನರು ತಮ್ಮ ಬೀದಿಗೆ ಏನು ಬೇಕೆಂದು ಬರೆದುಕೊಟ್ಟು ಆಯವ್ಯಯಕ್ಕೆ ಸೇರಿಸುವ ಪದ್ಧತಿ ಇದೆ. 2016ರಲ್ಲಿ ಪಾದಚಾರಿ ನೀತಿಯೂ ಬಂತು.

ನಿನ್ನ ಅಕ್ಕ ಇರುವ ಅಮೆರಿಕದಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡ. ಅಲ್ಲಿನ ಅನೇಕ ಊರುಗಳಲ್ಲಿ ಮನೆಮುಂದಿನ ಫುಟ್‌ಪಾತ್ ರಿಪೇರಿ ಮನೆಯವನ ಹೊಣೆ. ಅನುಕೂಲಸ್ಥರ ಬೀದಿ ನುಣುಪಾಗಿರುತ್ತದೆ, ಬಡವರ ಬೀದಿ ಬಿರುಕು ಬಿಟ್ಟಿರುತ್ತದೆ. ಡೆನ್ವರ್ ನಗರದವರು ಇದರಿಂದ ಬೇಸತ್ತು 2022ರ ನವೆಂಬರ್‌ನಲ್ಲಿ ಮತ ಹಾಕಿ, ಹೊಣೆಯನ್ನು ನಗರಾಡಳಿತಕ್ಕೆ ವಹಿಸಿ, ಅದಕ್ಕೆಂದೇ ಒಂದು ಶುಲ್ಕ ಕಟ್ಟಲು ತಾವಾಗಿ ಒಪ್ಪಿದರು. 2025ರಿಂದ ಹೆಚ್ಚಿನ ಮನೆಗಳಿಗೆ ವರ್ಷಕ್ಕೆ 150 ಡಾಲರ್. ಆ ಹಣ ಬೇರೆ ಯಾವುದಕ್ಕೂ ಹೋಗುವಂತಿಲ್ಲ ಅನ್ನುವುದೇ ಜನ ಒಪ್ಪಲು ಕಾರಣ ಎಂದು ನನ್ನ ಎಣಿಕೆ. ಲಾಸ್ ಏಂಜಲೀಸ್‌ನದು ಇನ್ನೊಂದು ಕಥೆ. ಗಾಲಿಕುರ್ಚಿಯವರು ಕೋರ್ಟಿಗೆ ಹೋದರು, 2016ರಲ್ಲಿ ಅಂತಿಮವಾದ ರಾಜಿಯಲ್ಲಿ ಆ ನಗರ 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡುತ್ತೇನೆಂದು ಒಪ್ಪಬೇಕಾಯಿತು. ವರ್ಷವರ್ಷ ಸ್ವಲ್ಪ ಸ್ವಲ್ಪ ರಿಪೇರಿ ಮಾಡದೆ ಉಳಿಸಿದ್ದೆಲ್ಲ ಬಡ್ಡಿ ಸಮೇತ ಬಂದಿತು.

ಇಲ್ಲೂ ಕೋರ್ಟಿನ ಮಾತು ಬಂದಾಗಿದೆ. 2025ರ ಮೇ 14ರಂದು ಸುಪ್ರೀಂ ಕೋರ್ಟು ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 50 ದೊಡ್ಡ ನಗರಗಳ ಫುಟ್‌ಪಾತ್, ದಾಟುಪಟ್ಟೆಗಳ ಪರಿಶೀಲನೆಗೆ ಸೂಚಿಸಿತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದಲೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಸೆಕ್ಷನ್ ನಿನಗೆ ಗೊತ್ತಿರಲೇಬೇಕು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವೋ ಅಂಗವೈಕಲ್ಯವೋ ಆದರೆ ಹೊಣೆಯಾದ ಪ್ರಾಧಿಕಾರ, ಕಂಟ್ರಾಕ್ಟರ್, ಸಲಹೆಗಾರರಿಗೆ ₹1 ಲಕ್ಷದವರೆಗೆ ದಂಡ. ಮೊತ್ತ ಚಿಕ್ಕದು. ಆದರೆ ಮೇಲಧಿಕಾರಿ ನಿನ್ನ ಅಂದಾಜಿನಿಂದ ಕರ್ಬ್ ಇಳಿಜಾರನ್ನು ಹೊಡೆದುಹಾಕಲು ಹೊರಟಾಗ, ‘ಸಾರ್, ಒಂದು ಟಿಪ್ಪಣಿ ಬರೆದು ಕೊಡಿ’ ಎಂದು ವಿನಯದಿಂದ ಕೇಳಲು ಅದು ಸಾಕು. ಬಹಳ ಸಲ ಟಿಪ್ಪಣಿ ಬರುವುದಿಲ್ಲ, ಇಳಿಜಾರು ಉಳಿಯುತ್ತದೆ.

ಈಗ ಪಟ್ಟಿ ಹೇಗೆ ಮಾಡುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳು.

ಮೊದಲನೆಯದು ಎಣಿಕೆ. ನಿಮ್ಮ ಎಂಜಿನಿಯರಿಂಗ್ ಪುಸ್ತಕದಲ್ಲಿ ದಾಟುವ ಜಾಗಕ್ಕೆ ಸಿಗ್ನಲ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಸೂತ್ರವಿದೆ. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ಗಂಟೆಗೆ ಸಾಗುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಬಂದದ್ದು 10 ಕೋಟಿ ದಾಟಿದರೆ, ಡಿವೈಡರ್ ಇರುವ ರಸ್ತೆಯಾದರೆ 20 ಕೋಟಿ ದಾಟಿದರೆ, ಅಲ್ಲಿ ವ್ಯವಸ್ಥೆ ಬೇಕು. ಲೆಕ್ಕದವಳಿಗೆ ಸೂತ್ರ ಕಂಡರೆ ಸಂತೋಷ. ಆದರೆ ಈ ಸೂತ್ರಕ್ಕೆ ಒಂದು ಕುರುಡುತನವಿದೆ. ರಸ್ತೆ ಎಷ್ಟು ಭಯಂಕರವೋ ಅಷ್ಟು ಕಡಿಮೆ ಜನ ಅದನ್ನು ದಾಟುತ್ತಾರೆ. ಹೆದರಿ ಅರ್ಧ ಕಿಲೋಮೀಟರ್ ಸುತ್ತಿ ಹೋಗುವವರು, ಆಟೋ ಹಿಡಿದು ಆಚೆ ಬದಿಗೆ ಇಳಿಯುವವರು, ಮಗುವನ್ನು ಒಂಟಿಯಾಗಿ ಶಾಲೆಗೆ ಕಳಿಸಲು ಹೆದರುವ ತಾಯಿ, ಇವರ್‍ಯಾರೂ ಎಣಿಕೆಗೆ ಸಿಗುವುದಿಲ್ಲ. ಹೊಳೆಯಲ್ಲಿ ಈಜುವವರನ್ನು ಎಣಿಸಿ ಸೇತುವೆ ಬೇಡ ಎಂದ ಹಾಗೆ. ಆದ್ದರಿಂದ ಎಣಿಸು, ಎಣಿಸುವುದನ್ನು ಬಿಡಬೇಡ, ಆದರೆ ದಾಟುವ ಜಾಗದಲ್ಲಷ್ಟೇ ನಿಂತು ಎಣಿಸಬೇಡ. ಬಸ್ಸಿನಿಂದ ಇಳಿಯುವವರನ್ನು ಎಣಿಸು, ಶಾಲೆ ಬಿಟ್ಟಾಗ ಗೇಟಿನಲ್ಲಿ ಎಣಿಸು, ಆಸ್ಪತ್ರೆಯ ಹೊರರೋಗಿ ವಿಭಾಗದ ಚೀಟಿ ಎಷ್ಟೆಂದು ಕೇಳು. ಅವರೆಲ್ಲ ಎಲ್ಲಿಂದಲೋ ನಡೆದೇ ಬಂದಿರುತ್ತಾರೆ.

ಎರಡನೆಯದು ಸಾವಿನ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಬೆಂಗಳೂರಿನಲ್ಲಿ ಅವರ ಪಾಲು ಇನ್ನೂ ದೊಡ್ಡದು, ಮೂವರಲ್ಲಿ ಒಬ್ಬರ ಹತ್ತಿರ ಹತ್ತಿರ. ಸಂಚಾರ ಠಾಣೆಯಲ್ಲಿ ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ವಾಹನ ಎಂದು ಎಲ್ಲ ಬರೆದಿರುತ್ತಾರೆ. ಈಗಂತೂ ಆ ವಿವರ ಕಂಪ್ಯೂಟರಿನಲ್ಲೇ ಇರುತ್ತದೆ. ಇನ್‌ಸ್ಪೆಕ್ಟರನ್ನು ಕಂಡು ನಿನ್ನ ವಾರ್ಡಿನ ಮೂರು ವರ್ಷದ ವಿವರ ಕೇಳು. ಹೆದ್ದಾರಿಗಳಲ್ಲಿ ಬ್ಲಾಕ್ ಸ್ಪಾಟ್ ಎಂದು ಗುರುತಿಸುವ ಅಳತೆ 500 ಮೀಟರಿನಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಊರೊಳಗಿನ ರಸ್ತೆಗೆ ಆ ಅಳತೆ ಹಿಡಿದು ಕೂತರೆ ನಿನ್ನ ವಾರ್ಡು ಯಾವತ್ತೂ ಪಟ್ಟಿಗೆ ಬರದೇ ಹೋಗಬಹುದು, ಯಾಕೆಂದರೆ ಇಲ್ಲಿ ಒಬ್ಬರು ಈ ಮೂಲೆಯಲ್ಲಿ, ಇನ್ನೊಬ್ಬರು ಆ ತಿರುವಿನಲ್ಲಿ ಚದುರಿ ಸಾಯುತ್ತಾರೆ. ಹಾಗಾಗಿ ಬಿಂದುವಿನ ಬದಲು ಇಡೀ ರಸ್ತೆಯನ್ನು ಒಂದಾಗಿ ನೋಡು. ಬಿದ್ದು ಕಾಲು ಮುರಿದುಕೊಂಡವರ ವಿವರ ಪೊಲೀಸರ ಹತ್ತಿರ ಇರುವುದಿಲ್ಲ, ಬೀದಿಯ ಮೆಡಿಕಲ್ ಅಂಗಡಿಯವನ ಬಾಯಲ್ಲಿ ಇರುತ್ತದೆ. ಅದನ್ನೂ ಕೇಳಿ ಬರೆದುಕೋ.

ಮೂರನೆಯದು ಯಾರು ನಡೆಯುತ್ತಾರೆ ಅನ್ನುವುದು. ಇಲ್ಲಿ ನಾನು ಪಕ್ಷಪಾತಿ, ಮುಚ್ಚಿಡುವುದಿಲ್ಲ. ಎರಡು ರಸ್ತೆಗಳ ಅಂಕ ಸಮ ಬಂದರೆ ಮನೆಯಲ್ಲಿ ವಾಹನ ಇಲ್ಲದವರು ಹೆಚ್ಚಿರುವ ರಸ್ತೆಯನ್ನು ಮೇಲಿಡು. ದೂರು ಕೊಡುವುದು ಬಿಡುವು ಇರುವವರ ಕೆಲಸ. ನಿನ್ನ ಮೊಬೈಲಿನ ದೂರುಗಳನ್ನೇ ಆದ್ಯತೆ ಎಂದುಕೊಂಡರೆ ಸದಾ ಅದೇ ನಾಲ್ಕು ಅಡ್ಡರಸ್ತೆಗಳಿಗೆ ಟೈಲ್ಸ್ ಬದಲಿಸುತ್ತಾ ನಿವೃತ್ತನಾಗುತ್ತೀಯ.

ಅಂಕ ಹಾಕುವ ವಿಧಾನ ದೊಡ್ಡ ವಿದ್ಯೆಯೇನಲ್ಲ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಸಾವುನೋವು, ಈಗಿರುವ ಅಗಲ, ವಾಹನದ ವೇಗ, ಇವಕ್ಕೆ ಇಷ್ಟಿಷ್ಟು ಎಂದು ನೀನೇ ಇಟ್ಟುಕೋ. ಯಾಕೆ ಹಾಗಿಟ್ಟೆ ಅನ್ನುವುದನ್ನು ಎರಡೆರಡು ಸಾಲು ಬರೆ. ಒಂದೇ ಹಾಳೆಯಲ್ಲಿ ಮುಗಿಯಬೇಕು, ಏಕೆಂದರೆ ಎರಡನೆಯ ಹಾಳೆಯನ್ನು ನಮ್ಮಲ್ಲಿ ಯಾರೂ ತಿರುವುವುದಿಲ್ಲ.

ಪಟ್ಟಿಯಲ್ಲಿ ಅಗ್ಗದ ಕೆಲಸಗಳನ್ನು ಬೇರೆಯಾಗಿ ತೋರಿಸು. ಎಲ್ಲವೂ ಕಿಲೋಮೀಟರಿಗೆ ಕೋಟಿಗಟ್ಟಲೆ ಕೇಳುವುದಿಲ್ಲ. ದಾಟುವ ಜಾಗಕ್ಕೆ ಒಂದು ಒಳ್ಳೆಯ ದೀಪ, ಡಿವೈಡರ್ ನಡುವೆ ನಿಂತು ಉಸಿರು ಬಿಡಲು ಒಂದು ಕಟ್ಟೆ, ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತಿದ ದಾಟುಪಟ್ಟೆ, ವಾಹನಗಳು ರೊಯ್ಯನೆ ತಿರುಗದಂತೆ ಮೂಲೆಯನ್ನು ಕಿರಿದು ಮಾಡುವ ನಾಲ್ಕು ಗೂಟ, ದ್ವಿಚಕ್ರದವರು ಹತ್ತದಂತೆ ಆದರೆ ಗಾಲಿಕುರ್ಚಿ ನುಸುಳುವಷ್ಟು ಅಂತರದ ಬೊಲ್ಲಾರ್ಡು. ಜೀವ ಉಳಿಸುವುದರಲ್ಲಿ ಇವು ಗ್ರಾನೈಟಿಗಿಂತ ಮುಂದೆ ಎಂದು ನನ್ನ ಅಂದಾಜು. ವಾಹನದ ವೇಗ ಇಳಿಯದೆ ಫುಟ್‌ಪಾತ್ ಎಷ್ಟು ಚಂದ ಇದ್ದರೂ, ಅದರಿಂದ ಕೆಳಗೆ ಇಳಿದು ಆಚೆ ಹೋಗಲೇಬೇಕಲ್ಲ? ಮಾರ್ಚ್ 20ಕ್ಕೆ ‘ಉಳಿಕೆ ಹಣ ಇದೆ, ಏನಾದರೂ ಇದೆಯೇನಯ್ಯಾ?’ ಎಂದು ಕರೆ ಬಂದಾಗ ತೆಗೆದುಕೊಡಬೇಕಾದದ್ದು ಈ ಅಗ್ಗದ ಪಟ್ಟಿ.

ತೆರವು ಕಾರ್ಯಾಚರಣೆ ಅನ್ನುವುದೊಂದು ಬರುತ್ತದೆ. ಲಾರಿ, ಪೊಲೀಸರು, ಫೋಟೋ ಎಲ್ಲ ಇರುತ್ತದೆ. ಸೊಪ್ಪಿನ ಬುಟ್ಟಿಯವಳನ್ನು ಎಬ್ಬಿಸುವುದು ಸುಲಭ. ಫುಟ್‌ಪಾತ್ ಮೇಲೆ ಕೂತ ಟ್ರಾನ್ಸ್‌ಫಾರ್ಮರ್, ಮನೆ ಮುಂದೆ ಕಾರು ಹತ್ತಿಸಲು ಕಟ್ಟಿದ ಇಳಿಜಾರು, ಸದಾ ನಿಂತಿರುವ ಬೈಕುಗಳು, ಇವನ್ನು ಎಬ್ಬಿಸುವುದು ಕಷ್ಟ. ಅಡೆತಡೆಯ ಅಳತೆ ತೆಗೆ, ಯಾವುದು ಎಷ್ಟು ಅಗಲ ನುಂಗಿದೆ ಎಂದು ಬರೆ, ಆಮೇಲೆ ಮಾತಾಡು. ಬೀದಿ ವ್ಯಾಪಾರಿಗಳ ಕಾಯ್ದೆ 2014ರದು. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳದೇ ಪ್ರತಿನಿಧಿಗಳಿರಬೇಕು, ಎಲ್ಲಿ ಕೂರಬಹುದು ಅನ್ನುವುದನ್ನು ಆ ಸಮಿತಿಯೊಂದಿಗೆ ಕೂತು ತೀರ್ಮಾನಿಸಬೇಕು. ಸಂಜೆ ಏಳರ ಮೇಲೆ ಒಂಟಿ ಹೆಂಗಸು ನಿರ್ಭಯವಾಗಿ ನಡೆಯುವ ಫುಟ್‌ಪಾತ್‌ಗಳಲ್ಲಿ ಸಾಮಾನ್ಯವಾಗಿ ಒಂದು ಹೂವಿನ ಅಂಗಡಿಯೋ ಚುರುಮುರಿ ಗಾಡಿಯೋ ಇರುತ್ತದೆ. ನೀನು ಗಂಡಸು, ಇದು ನಿನ್ನ ಗಮನಕ್ಕೆ ಬಂದಿರಲಾರದು.

ಅಗೆತ ಇನ್ನೊಂದು ತಲೆನೋವು. ನೀನು ಟೈಲ್ಸ್ ಹಾಕಿಸಿದ ವಾರಕ್ಕೆ ಕೇಬಲ್ಲಿನವರು ಬರುತ್ತಾರೆ. ನಾನಿದ್ದ ಕಡೆ ಅಗೆಯುವವರಿಂದ ಕಟ್ಟಿಸಿಕೊಂಡ ಪುನರ್‌ನಿರ್ಮಾಣದ ಶುಲ್ಕ ಸಾಮಾನ್ಯ ಖಾತೆಗೆ ಸೇರಿ, ಮುಚ್ಚುವ ಹೊತ್ತಿಗೆ ಯಾವ ಗುಂಡಿಯ ದುಡ್ಡು ಯಾವುದೆಂದು ಯಾರಿಗೂ ತಿಳಿಯದಂತಾಗುತ್ತಿತ್ತು. ನಿನ್ನಲ್ಲಿ ರಸ್ತೆವಾರು ಒಂದು ಪುಸ್ತಕ ಇಡು: ಅನುಮತಿ ಯಾರಿಗೆ, ಎಷ್ಟು ಮೀಟರು, ಎಷ್ಟು ಕಟ್ಟಿದ್ದಾರೆ, ಮುಚ್ಚಿದ್ದು ಯಾವತ್ತು. ಹಾಗೆಯೇ ಪ್ರತಿ ಕಾಮಗಾರಿಯ ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕು. ಅವಧಿ ಮುಗಿಯುವ ಎರಡು ತಿಂಗಳು ಮುಂಚೆ ಒಮ್ಮೆ ನಡೆದು ನೋಡಿ, ಅಲುಗಾಡುವ ಕಲ್ಲುಗಳ ಪಟ್ಟಿ ಕೊಟ್ಟು ಕಂಟ್ರಾಕ್ಟರಿಂದಲೇ ಸರಿಮಾಡಿಸು. ಅವರ ಠೇವಣಿ ನಿಮ್ಮಲ್ಲೇ ಇರುತ್ತದೆ. ಕೇಳದೆ ಹಿಂದಿರುಗಿಸಿದ ಠೇವಣಿಗಳ ಕಂತೆಯನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಳತೆ ಪುಸ್ತಕದ ವಿಷಯ ನಿನಗೆ ಬೇರೆ ಹೇಳಬೇಕಾಗಿಲ್ಲ. ನಡೆದು ಅಳೆಯದ್ದನ್ನು ಬರೆಯಬೇಡ, ಯಾರು ಹೇಳಿದರೂ.

ಕೊನೆಗೆ ಪಟ್ಟಿಯನ್ನು ಎಲ್ಲಿ ಇಡಬೇಕು ಅನ್ನುವುದು. ನಿನ್ನ ಡ್ರಾಯರಿನಲ್ಲಿ ಅಲ್ಲ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಆಮೇಲೆ ವಾರ್ಡಿನ ಗಡಿಗಳೂ ಬದಲಾದವು. ಇಷ್ಟೆಲ್ಲ ಆಗುವಾಗ ಕಾಗದಗಳು ಕಳೆದುಹೋಗುತ್ತವೆ. ನಿನಗೂ ಎರಡು ಮೂರು ವರ್ಷದಲ್ಲಿ ವರ್ಗವಾಗುತ್ತದೆ. ವಾರ್ಡ್ ಸಮಿತಿಯ ಸಭೆಯಲ್ಲಿ ಪಟ್ಟಿಯನ್ನು ಓದಿ, ಜನರ ತಿದ್ದುಪಡಿ ತೆಗೆದುಕೊಂಡು, ನಡಾವಳಿಯಲ್ಲಿ ಅನುಬಂಧವಾಗಿ ಸೇರಿಸಿಬಿಡು. ಜಗಳ ಆಗುತ್ತದೆ, ತನ್ನ ಬೀದಿ ಏಳನೆಯದ್ಯಾಕೆ ಎಂದು ಒಬ್ಬರು ಎದ್ದು ನಿಲ್ಲುತ್ತಾರೆ. ಆಗಲಿ. ಅಂಕದ ಹಾಳೆ ತೋರಿಸು. ಲೆಕ್ಕ ತಪ್ಪಿದ್ದರೆ ಅಲ್ಲೇ ತಿದ್ದು. ನಡಾವಳಿಯಲ್ಲಿ ನಮೂದಾದ ಕ್ರಮವನ್ನು ಆಮೇಲೆ ಬದಲಿಸಬೇಕಾದವರು, ಅವರು ಎಷ್ಟೇ ದೊಡ್ಡವರಾಗಿರಲಿ, ಕಡತದಲ್ಲಿ ಕಾರಣ ಬರೆಯಬೇಕಾಗುತ್ತದೆ. ನಿನ್ನ ನಂತರ ಬರುವ ಎಂಜಿನಿಯರಿಗೂ ಅದು ಸಿಗುತ್ತದೆ.

ಮುಂದಿನ ಸಭೆ ಯಾವತ್ತು ಎಂದು ತಿಳಿಸು. ಅದಕ್ಕೆ ಮುಂಚೆ ಹಾಳೆ ಕಳಿಸಿದರೆ, ಅಂಕ ಕೂಡಿಸಿದ್ದು ಸರಿಯಿದೆಯಾ ಎಂದು ನಾನು ಒಮ್ಮೆ ನೋಡಿಕೊಡುತ್ತೇನೆ.